ಶಿಡ್ಲಘಟ್ಟದ ಮನೆಗೆ: ರಾಗಿ ಸರಿ, ಕೌದಿ, ಹಳೇ ಚಂದ್ರಿಕೆ

ಮ್ಯೂನಿಕ್
ಭಾನುವಾರ, ನವೆಂಬರ್ 16, 2025

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪ, ಅಮ್ಮ, ನೀನು, ನಿಮ್ಮ ಮನೆಯವರು, ಮಕ್ಕಳಿಬ್ಬರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೀನಿ. ಚಿಕ್ಕೋನ ರಾಗಿ ಸರಿ, ದೊಡ್ಡೋಳ ಕೌದಿ, ಆಟದ ಹಿಟ್ಟು ಅಂತ ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಬಾಯಲ್ಲಿ ಹೇಳಿದರೆ ಅಳತೆ ತಲೆಯಲ್ಲಿ ನಿಲ್ಲಲ್ಲ. ಅದಕ್ಕೆ ಕಾಗದದ ಮೇಲೆ ಬರೀತಿದ್ದೀನಿ. ಓದಿ ಆದಮೇಲೆ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿಕೋ.

ಮೊದಲು ಚಿಕ್ಕೋನ ರಾಗಿ ಸರಿ. ಏಳು ತಿಂಗಳಾಯ್ತಲ್ಲ, ಈಗ ಇದೇ ಮುಖ್ಯ. ಒಕ್ಕಣೆಯ ಕಾಲ ಅಂತ ಹೊಸ ರಾಗಿಗೆ ಕೈ ಹಾಕಬೇಡ, ಅದರಲ್ಲಿ ಇನ್ನೂ ಹಸಿ ಇರುತ್ತೆ. ಹೋದ ವರ್ಷದ್ದು ತಗೋ. ಒಂದು ಕಿಲೋ ನೆನೆಹಾಕೋಕೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಟ್ಟು ನೋಡು. ತೊಂಬತ್ತಾದರೂ ಮೊಳೆಯಬೇಕು. ಮೊಳೆಯದ ಕಾಳು ಸುಮ್ಮನೆ ಇರಲ್ಲ, ಗಂಟಿನೊಳಗೆ ಕೊಳೆತು ಪಕ್ಕದ ಕಾಳನ್ನೂ ಹುಳಿ ಮಾಡುತ್ತೆ.

ರಾಗಿಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, ಕಲ್ಲು ತಳದಲ್ಲಿ ಉಳಿಯೋ ಹಾಗೆ ಜಾಲಿಸು. ಹತ್ತರಿಂದ ಹನ್ನೆರಡು ಗಂಟೆ ನೆನೆಯಲಿ, ನಡುವೆ ಒಂದು ಸಲ ನೀರು ಬದಲಾಯಿಸು. ಆಮೇಲೆ ನೀರು ಪೂರ್ತಿ ಬಸಿದು, ತೆಳು ಹತ್ತಿ ಬಟ್ಟೆಯಲ್ಲಿ ಅರ್ಧ ಅರ್ಧ ಕಿಲೋದ ಎರಡು ಗಂಟು ಕಟ್ಟು. ಒಂದೇ ದೊಡ್ಡ ಗಂಟು ಕಟ್ಟೋದೇ ಎಲ್ಲರೂ ಮಾಡೋ ತಪ್ಪು. ಮೊಳೆಯೋ ಕಾಳು ತಾನೇ ಬಿಸಿ ಹುಟ್ಟಿಸುತ್ತೆ. ಗಂಟಿನ ಹೊರಗೆ ಚೆನ್ನಾಗಿ ಕಂಡರೂ ನಡುವಿನದು ಬೆಂದ ಹಾಗಾಗಿ ಹುಳಿ ವಾಸನೆ ಬರುತ್ತೆ. ಆರೇಳು ಗಂಟೆಗೊಂದು ಸಲ ಗಂಟು ಬಿಚ್ಚಿ, ಕೈಯಾಡಿಸಿ, ನೀರು ಚಿಮುಕಿಸಿ ಮತ್ತೆ ಕಟ್ಟು. ಬೇಸಿಗೆಯಲ್ಲಿ 24 ಗಂಟೆ ಸಾಕು, ಈಗಿನ ಚಳಿಗೆ 36 ಗಂಟೆ ಬೇಕಾಗಬಹುದು. ಗಡಿಯಾರಕ್ಕಿಂತ ಮೊಳಕೆ ನೋಡು: ಕಾಲು ಇಂಚು ಬಂತು ಅಂದರೆ ನಿಲ್ಲಿಸು. ಬೂದು ಅಥವಾ ಕಪ್ಪು ಬೂಷ್ಟು ಎಲ್ಲಾದರೂ ಕಂಡರೆ ಆ ಗಂಟು ಪೂರ್ತಿ ಎಸೆ. ತೊಳೆದರೆ ಸರಿಹೋಗುತ್ತೆ ಅನ್ನೋದು ಮಗುವಿನ ಊಟದಲ್ಲಿ ನಡೆಯಲ್ಲ.

ಶುದ್ಧ ಬಟ್ಟೆ ಮೇಲೆ ತೆಳ್ಳಗೆ ಹರಡಿ, ಕಾಳು ಕಚ್ಚಿದರೆ ಕಟ್ ಅನ್ನೋವರೆಗೆ ಒಣಗಿಸು. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಕೇರಿದರೆ ಮೊಳಕೆಯ ಬೇರೆಲ್ಲ ಹಾರಿಹೋಗುತ್ತೆ. ಇನ್ನು ಹುರಿಯೋದು. ಇಲ್ಲೇ ಅಮ್ಮನ ಕೈ ಸ್ವಲ್ಪ ಜೋರು. ಘಮ ಬಂದ ತಕ್ಷಣ ಇಳಿಸಬೇಕು, ಕಾಳು ಸಿಡಿಯೋವರೆಗೆ ಹೋಗಬಾರದು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ, ಅದೇ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳು ಮಾಡೋದು. ಜಾಸ್ತಿ ಹುರಿದರೆ ಕಿಣ್ವ ಸತ್ತುಹೋಗುತ್ತೆ. ಆಮೇಲೆ ಎರಡು ದಿನ ಮೊಳಕೆ ಕಟ್ಟಿದ್ದೂ ಒಂದೇ, ಬರೀ ರಾಗಿ ಹಿಟ್ಟು ಹಾಕಿದ್ದೂ ಒಂದೇ. ಗಂಜಿ ತೆಳುವಾದರೆ ಏನು ಲಾಭ ಅಂತ ನೀನು ಕೇಳಿದೆಯಲ್ಲ: ಮಗುವಿನ ಹೊಟ್ಟೆ ಚಿಕ್ಕದು. ಮಾಮೂಲಿ ಹಿಟ್ಟು ಒಂದು ಚಮಚ ಹಾಕಿದರೆ ಮುದ್ದೆಯಂತಾಗೋ ಬಟ್ಟಲಿಗೆ ಮೊಳಕೆ ಹಿಟ್ಟು ಎರಡು ಚಮಚ ಹಾಕಬಹುದು. ನುಂಗೋಕೂ ಸಲೀಸು, ಹೊಟ್ಟೆಗೂ ಹೆಚ್ಚು ಸೇರುತ್ತೆ.

ಮಿಲ್ಲಿಗೆ ಕೊಡುವಾಗ ಮುಂಚೆ ಏನು ಬೀಸಿದ್ದಾರೆ ಅಂತ ಕೇಳು. ಖಾರದ ಪುಡಿ ಆಗಿದ್ದರೆ ಆ ದಿನ ವಾಪಸ್ ಬಾ. ಹಿಟ್ಟನ್ನು ಹಳೇ ಪಂಚೆಯ ತುಂಡಿನಲ್ಲಿ ವಸ್ತ್ರಗಾಳಿ ಮಾಡಿ, ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬು. ಒಂದು ತಿಂಗಳಿಗೆ ಆಗೋವಷ್ಟೇ ಮಾಡು, ಆಮೇಲೆ ಕಹಿ ಬರುತ್ತೆ. ಕಾಯಿಸುವಾಗ ಎರಡು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿಕೊಂಡು, ಸಣ್ಣ ಉರಿಯಲ್ಲಿ ಎಂಟು ನಿಮಿಷ ಕೈ ಬಿಡದೆ ತಿರುಗಿಸು. ಮೊದಲು ಗಟ್ಟಿಯಾಗಿ ಆಮೇಲೆ ಸಡಿಲವಾಗುತ್ತೆ, ಅದೇ ಸರಿ. ಒಂದು ವರ್ಷ ತುಂಬೋವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ಅಂತೂ ನೆಕ್ಕಿಸಲೇಬೇಡ, ಯಾರು ಎಷ್ಟೇ ಹೇಳಲಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದೊಂದರ ಮೇಲೇ ಮಗು ಬೆಳೆಯಲ್ಲ. ಬೇಯಿಸಿ ಮಸೆದ ಹೆಸರುಬೇಳೆ, ಸೊಪ್ಪು ದಿನಾ ಜೊತೆಗಿರಲಿ.

ನೀರಿನ ವಿಷಯ ಒಂದು ಒತ್ತಿ ಹೇಳ್ತೀನಿ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದ ಹಾಗೆ ಉಳಿದ ನೀರಿನಲ್ಲಿ ಅದರ ಪಾಲು ಇನ್ನೂ ಹೆಚ್ಚಾಗುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು ಅನ್ನೋದು ನಮ್ಮ ದೇಶದ ಮಾನದಂಡ. ಸರಿಗೂ ಕುಡಿಯೋಕೂ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಬಳಸು, ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ ಇರಲಿ. ಕೆಟಲ್ಲಿನ ತಳದ ಬಿಳಿ ಪೊರೆ ತೆಗೆಯೋದು ಸುಲಭ. ಮ್ಯೂನಿಕ್ಕಿನ ನಲ್ಲಿ ನೀರೂ ಗಡಸು, ಇಲ್ಲಿನ ಮನೆಗಳಲ್ಲೂ ಇದೇ ಉಪಾಯ. ಒಂದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕದಡಿ ಒಂದು ಗಂಟೆ ಬಿಡು. ಕುದಿಸಬೇಡ. ಕುದಿಸಿದರೆ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗಿ ಮತ್ತೆ ತಳಕ್ಕೇ ಕೂರುತ್ತೆ, ಆ ಪೊರೆ ಮೊದಲಿನದಕ್ಕಿಂತ ಹಟಮಾರಿ. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ.

ಈಗ ದೊಡ್ಡೋಳ ಕೌದಿ. ಇದನ್ನು ನಿಧಾನವಾಗಿ ಓದು. ಒಂದು ಸೀರೆ ಐದೂವರೆ ಮೀಟರ್. ಅದನ್ನು ಸರಿಯಾಗಿ ನಾಲ್ಕು ಮಡಿಕೆ ಹಾಕಿದರೆ ನಾಲ್ಕೂವರೆ ಅಡಿ ಉದ್ದ, ಸೀರೆಯ ಪನ್ನ ಅಂದರೆ ಸುಮಾರು ಮೂರೂಮುಕ್ಕಾಲು ಅಡಿ ಅಗಲ. ನಾಲ್ಕು ವರ್ಷದ ಮಗುವಿಗೆ ಎರಡು ವರ್ಷ ಬರೋ ಅಳತೆ ಇದು. ಒಳಗಿನ ನಾಲ್ಕು ಪದರಕ್ಕೆ ಒಂದು ಸೀರೆ, ಮೇಲೆ ಕೆಳಗೆ ಒಂದೊಂದು ಪದರಕ್ಕೆ ಇನ್ನೊಂದು ಸೀರೆಯ ಅರ್ಧ. ಒಟ್ಟು ಆರು ಪದರ. ಪುಷ್ಯ ಮಾಸದ ಚಳಿಗೆ ಆರು ಸಾಕು. ಎಂಟು ಮಾಡಿದರೆ ಸೂಜಿ ದಾಟಲ್ಲ, ಬೆರಳು ನೋಯುತ್ತೆ, ಹೊಲಿಗೆ ಉದ್ದುದ್ದ ಬೀಳುತ್ತೆ. ಉಳಿದ ಅರ್ಧ ಸೀರೆ ಅಂಚಿಗೆ, ತೇಪೆಗೆ.

ಹತ್ತಿ ಸೀರೆ ಮಾತ್ರ. ಪಾಲಿಯೆಸ್ಟರ್ ಒಂದು ಪದರ ಸೇರಿದರೂ ಕೆಡುತ್ತೆ: ಒಗೆದಾಗ ಹತ್ತಿ ಕುಗ್ಗುತ್ತೆ, ಅದು ಕುಗ್ಗಲ್ಲ, ಕೌದಿ ಎಲ್ಲ ಉಬ್ಬುಬ್ಬಾಗುತ್ತೆ. ಹೊಸದಾಗಿರೋ ಬಟ್ಟೆ ಸೇರಿಸೋದಾದರೆ ಎರಡು ಸಲ ಒಗೆದು ಸೇರಿಸು. ಜರಿ ಅಂಚು ಕತ್ತರಿಸಿ ಬಿಡು, ಮಗುವಿನ ಕೆನ್ನೆ ಗೀಚುತ್ತೆ. ನಮ್ಮೂರಲ್ಲಿ ರೇಷ್ಮೆ ನೂಲು ಕೈಗೆ ಸಿಗುತ್ತೆ ಅಂತ ಅದರಲ್ಲಿ ಹೊಲಿಯೋ ಆಸೆ ಬರುತ್ತೆ, ಬೇಡ. ರೇಷ್ಮೆ ಪ್ರೋಟೀನು. ಬಟ್ಟೆ ಸೋಪಿನ ಕ್ಷಾರಕ್ಕೆ ಸವೆಯುತ್ತಾ ಬಂದು ಅಲ್ಲಲ್ಲೇ ಕಿತ್ತುಹೋಗುತ್ತೆ. ಪಾಲಿಯೆಸ್ಟರ್ ದಾರ ಕಿತ್ತುಹೋಗಲ್ಲ, ಅದರ ಬದಲು ಹಳೇ ಮೆತ್ತನೆ ಬಟ್ಟೆಯನ್ನೇ ಕೊಯ್ಯುತ್ತೆ. ದಪ್ಪ ಹತ್ತಿ ದಾರವೇ ಸರಿ.

ನೆಲ ಒರೆಸಿ, ಪದರಗಳನ್ನು ಒಂದರ ಮೇಲೊಂದು ಹಾಸಿ, ನೀರು ಚಿಮುಕಿಸಿ ಕೈಯಿಂದ ನಡುವಿನಿಂದ ಅಂಚಿಗೆ ಸವರು. ನಾಲ್ಕು ಮೂಲೆಗೆ ಕುಟ್ಟಾಣಿ, ರುಬ್ಬುಗುಂಡು ಏನಾದರೂ ಭಾರ ಇಡು. ಒಣಗಿದ ಮೇಲೆ ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕು, ಅದೂ ನಡುವಿನಿಂದ ಅಂಚಿಗೆ, ಒಂದು ಗೇಣಿಗೊಂದು ಸಾಲು. ಈ ಕಚ್ಚಾ ಹೊಲಿಗೆ ಬಿಟ್ಟವರ ಕೌದಿಯನ್ನು ನೋಡಿದ ತಕ್ಷಣ ಗುರುತಿಸಬಹುದು. ಪಕ್ಕಾ ಹೊಲಿಗೆ ಅಂಚಿನಿಂದ ಸುತ್ತುತ್ತಾ ಒಳಗೆ ಹೋಗುತ್ತೆ, ಬಟ್ಟೆಯ ಸಡಿಲ ಎಲ್ಲ ಅದರ ಮುಂದೆ ಸರಿದು ಕೊನೆಗೆ ನಟ್ಟನಡುವೆ ಬುಟ್ಟಿಯಂತೆ ಉಬ್ಬಿ ನಿಲ್ಲುತ್ತೆ. ಕಚ್ಚಾ ಹೊಲಿಗೆ ಇದ್ದರೆ ಸಡಿಲ ಎಲ್ಲೂ ಸರಿಯಲ್ಲ.

ಅಂಚು ಅರ್ಧ ಇಂಚು ಒಳಕ್ಕೆ ಮಡಿಚಿ, ಮೂಲೆಯಿಂದ ಶುರು ಮಾಡಿ ಸುತ್ತು. ಸಾಲಿಗೂ ಸಾಲಿಗೂ ಒಂದು ಬೆರಳಗಲ, ಅಂದರೆ 2 ಸೆಂಟಿಮೀಟರ್. ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ. ಒಂದೇ ಸಲ ಮೂರ್ನಾಲ್ಕು ಹೊಲಿಗೆ ಸೂಜಿಗೆ ಏರಿಸಿ ಎಳೆ, ಒಂದೊಂದೇ ಚುಚ್ಚಿದರೆ ವರ್ಷ ಬೇಕು. ದಬ್ಬಣ ತಗೋಬೇಡ, ತೂತು ದೊಡ್ಡದಾಗಿ ಅಲ್ಲಿಂದಲೇ ಹರಿಯುತ್ತೆ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತೆ. ಈ ಅಳತೆಗೆ ಒಟ್ಟು ಹೊಲಿಗೆ ಸುಮಾರು 78 ಮೀಟರ್ ಆಗುತ್ತೆ. ಬಟ್ಟೆ ಒಳಗೆ ಹೊರಗೆ ಹೋಗೋದು, ಗಂಟು, ವ್ಯರ್ಥ ಎಲ್ಲ ಸೇರಿಸಿ 120 ಮೀಟರ್ ದಾರ ತಂದಿಟ್ಟುಕೋ, ಒಂದೇ ಬಣ್ಣದ್ದು. ನಡುವೆ ದಾರ ಮುಗಿದು ಇನ್ನೊಂದು ಅಂಗಡಿಯಿಂದ ತಂದರೆ ದಪ್ಪ ಬೇರೆ ಬರುತ್ತೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆ ಮಡಿಚಿದ ಸಣ್ಣ ತ್ರಿಕೋನ ಇಡ್ತಾರೆ, ಅದಕ್ಕೆ ಫುಲಾ ಅಂತ ಹೆಸರು. ಮೂಲೆಯೇ ಮೊದಲು ಸವೆಯೋದು, ಹಾಗಾಗಿ ಅಲ್ಲಿ ಒಂದು ಮಡಿಕೆ ಹೆಚ್ಚಿದ್ದರೆ ಒಳ್ಳೇದೇ. ಅಮ್ಮನ ಹಸಿರು ಸೀರೆಯ ಚೂರು ಉಳಿದಿದ್ದರೆ ನಾಲ್ಕೂ ಮೂಲೆಗೆ ಅದನ್ನೇ ಇಡು.

ಈ ಕೌದಿ ದೊಡ್ಡೋಳಿಗೆ. ಚಿಕ್ಕೋನು ಮಲಗೋ ಜಾಗದಲ್ಲಿ ಒಂದು ವರ್ಷ ತುಂಬೋವರೆಗೆ ಹೊದಿಕೆ, ದಿಂಬು, ಗೊಂಬೆ ಯಾವುದೂ ಇರಬಾರದು. ಚಳಿಗೆ ಒಂದು ಅಂಗಿ ಹೆಚ್ಚು ಹಾಕು, ಅಷ್ಟೇ. ಸೀರೆ ಜೋಲಿಯನ್ನೂ ಈಗ ಬಿಚ್ಚಿಬಿಡು. ಮಗ್ಗುಲು ಹೊರಳಿ, ಅಂಚು ಹಿಡಿದು ಎದ್ದು ಕೂರೋ ಮಗುವಿಗೆ ಜೋಲಿ ಅಪಾಯ.

ರೇಷ್ಮೆಹುಳು ಗೂಡು ಕಟ್ಟೋಕೆ ಬಿಡ್ತಿದ್ದ, ಶೆಡ್ಡಿನಲ್ಲಿ ಬಿದ್ದಿರೋ ಹಳೇ ಬಿದಿರು ಚಂದ್ರಿಕೆ ಒಲೆಗೆ ಹಾಕಬೇಡಿ. ಅದರ ಸುರುಳಿ ಪಟ್ಟಿಯ ನಡುವೆ ಸುತ್ತಿದ ಕಾಲುಚೀಲ, ಬಾಚಣಿಗೆ, ರಿಬ್ಬನ್, ದೊಡ್ಡೋಳು ಬರೆದ ಚಿತ್ರ ಎಲ್ಲ ಸಿಕ್ಕಿಸಿದರೆ ಬಿಗಿಯಾಗಿ ಕೂರುತ್ತೆ. ಎರಡಡಿ ಚೌಕ ಸಾಕು. ಕತ್ತರಿಸೋಕೆ ಮುಂಚೆ ಕತ್ತರಿಸೋ ಗೆರೆಯ ಒಳಗಡೆ ಸುರುಳಿಯ ಪ್ರತಿ ಸುತ್ತನ್ನೂ ತೆಳು ತಂತಿಯಿಂದ ಚಾಪೆಗೆ ಕಟ್ಟು. ಕಟ್ಟದೆ ಗರಗಸ ಇಟ್ಟರೆ ಪಟ್ಟಿ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡು ಮುಖಕ್ಕೆ ಹೊಡೆಯುತ್ತೆ. ಅಂಟಿರೋ ರೇಷ್ಮೆ ಎಳೆಯನ್ನು ಹುಳುಮನೆಯಲ್ಲಿ ಮಾಡೋ ಹಾಗೇ ಸಣ್ಣ ಜ್ವಾಲೆ ಸವರಿ ತೆಗಿ. ಆಮೇಲೆ ಸೋಪು ನೀರಿನಲ್ಲಿ ಉಜ್ಜಿ, ಮೂರು ದಿನ ಬಿಸಿಲಿಗೆ ಹಾಕು, ಅಂಚನ್ನೆಲ್ಲ ಮರಳು ಕಾಗದದಲ್ಲಿ ತಿಕ್ಕು. ಬಿದಿರಿನ ಸಿಬಿರು ಮಗುವಿನ ಬೆರಳಿಗೆ ಹೋದರೆ ತೆಗೆಯೋದು ಕಷ್ಟ. ಅದರ ಮೇಲೆ ರಾಗಿ, ಹಪ್ಪಳ ಮಾತ್ರ ಒಣಹಾಕಬೇಡ. ವರ್ಷಗಟ್ಟಲೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಕುಡಿದಿರೋ ಬಿದಿರು ಅದು.

ಆಟದ ಹಿಟ್ಟಿನ ಅಳತೆ: ಮೈದಾ ಒಂದು ಲೋಟ, ಪುಡಿ ಉಪ್ಪು ಅರ್ಧ ಲೋಟ, ನೀರು ಒಂದು ಲೋಟ, ನಿಂಬೆರಸ ಎರಡು ದೊಡ್ಡ ಚಮಚ, ಎಣ್ಣೆ ಒಂದು ದೊಡ್ಡ ಚಮಚ. ಎಲ್ಲ ತಣ್ಣಗೇ ಕಲಸಿ, ಗಂಟಿಲ್ಲದ ಹಾಗೆ ಮಾಡಿ, ಸಣ್ಣ ಉರಿಯಲ್ಲಿ ಬಾಣಲೆ ಬಿಟ್ಟು ಉಂಡೆಯಾಗೋವರೆಗೆ ತಿರುಗಿಸು. ಬೆಚ್ಚಗಿರುವಾಗಲೇ ಚಪಾತಿ ಹಿಟ್ಟಿನ ಹಾಗೆ ನಾದು. ನಿನ್ನದು ಅಂಟಿದ್ದು ಬೇಗ ಇಳಿಸಿದ್ದಕ್ಕೆ, ಇನ್ನೆರಡು ನಿಮಿಷ ಬೇಕಿತ್ತು. ರಾಗಿ ಹಿಟ್ಟಿನಲ್ಲೇ ಮಾಡೋಕೆ ಹೋಗಬೇಡ, ಅದರಲ್ಲಿ ಗ್ಲುಟೆನ್ ಇಲ್ಲ, ಪುಡಿಯಾಗುತ್ತೆ. ಮೈದಾದ ಕಾಲು ಭಾಗ ರಾಗಿ ಆದರೆ ನಡೆಯುತ್ತೆ, ಒಳ್ಳೇ ಮಣ್ಣಿನ ಬಣ್ಣ ಬರುತ್ತೆ. ಹಳದಿಗೆ ಅರಿಶಿನ ಅರ್ಧ ಚಮಚ. ಅರಿಶಿನದ ಉಂಡೆಯಲ್ಲಿ ಒಂದು ಚೂರು ಕಿತ್ತು ಅಡುಗೆ ಸೋಡಾ ಹಾಕಿ ನಾದಿಸಿದರೆ ಕೆಂಪಾಗುತ್ತೆ, ಅದನ್ನು ಅವಳ ಕೈಲೇ ಮಾಡಿಸು. ಬಿಗಿ ಡಬ್ಬಿಯಲ್ಲಿಟ್ಟರೆ ಎರಡು ಮೂರು ವಾರ ಬರುತ್ತೆ. ಉಪ್ಪು ತುಂಬಾ ಇರೋದರಿಂದ ಚಿಕ್ಕೋನ ಕೈಗೂ ನಾಯಿಯ ಬಾಯಿಗೂ ಸಿಗಬಾರದು.

ಅಮ್ಮನ ಮಂಡಿಗೆ ಒಂದು ಶಾಖದ ಚೀಲ. ಇಲ್ಲಿನವರು ಚೆರ್ರಿ ಹಣ್ಣಿನ ಬೀಜ ತುಂಬಿ ಮಾಡ್ತಾರೆ, ನಮಗೆ ಹುಣಸೆ ಬೀಜ ಇದೆ. ಕಾಲು ಕಿಲೋ ಬೀಜ ತೊಳೆದು ಪೂರ್ತಿ ಒಣಗಿಸು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಾಯಿಗೆ ದಾರ ಇರೋ ದಪ್ಪ ಹತ್ತಿ ಚೀಲಕ್ಕೆ ಸುರಿದು ಕಟ್ಟು. ಸಿಪ್ಪೆ ಬಿರಿಯೋ ಸದ್ದು ಬಂದರೆ ಜಾಸ್ತಿ ಕಾದಿದೆ ಅಂತ ಅರ್ಥ, ಆರಲು ಬಿಡು. ಮೊದಲು ನಿನ್ನ ಮುಂಗೈಗೆ ಇಟ್ಟು ನೋಡಿ ಆಮೇಲೆ ಅಮ್ಮನಿಗೆ ಕೊಡು, ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿ ತಿಳಿಯದೇ ಸುಡಬಹುದು.

ದೊಡ್ಡೋಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ಕಳಿಸು. ಮೂರೂಮುಕ್ಕಾಲು ಅಡಿ ದಾಟಿದ್ದರೆ ಕೌದಿಯನ್ನು ನಾಲ್ಕರ ಬದಲು ಮೂರು ಮಡಿಕೆಯ ಲೆಕ್ಕದಲ್ಲಿ ಉದ್ದ ಮಾಡಬೇಕು, ದಾರದ ಲೆಕ್ಕವೂ ಬದಲಾಗುತ್ತೆ, ಹೊಸದಾಗಿ ಬರೀತೀನಿ. ಅಲ್ಲಿವರೆಗೆ ಸೀರೆ ಕತ್ತರಿಸಬೇಡ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು.

ಇಂತಿ,
ನಿನ್ನ ಅಕ್ಕ