ಹಳೆಯ ಲ್ಯಾಪ್‌ಟಾಪ್‌ಗಳು ಗುಜರಿ ಸೇರುವ ಮುನ್ನ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ಸರ್ಕಾರಿ ಕಚೇರಿಗಳು ಕೈಬಿಡುವ ಲ್ಯಾಪ್‌ಟಾಪ್‌ಗಳು ಹರಾಜಿನ ರಾಶಿಗೆ ಹೋಗುವ ಬದಲು ವಿದ್ಯಾರ್ಥಿಗಳ ಕೈ ಸೇರುವಂತೆ ವಿಲೇವಾರಿಯ ಕ್ರಮವನ್ನು ತುಸು ಬದಲಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೇಳುತ್ತಿರುವುದು ದೊಡ್ಡ ಅನುದಾನವನ್ನಲ್ಲ, ಒಂದು ಸುತ್ತೋಲೆಯನ್ನು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ನಿಯಮಿತ ಭದ್ರತಾ ನವೀಕರಣ, ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದನ್ನು ಅಥವಾ ನಂತರದ್ದನ್ನೂ ಬೇಡುವುದರಿಂದ, 2017ಕ್ಕಿಂತ ಹಿಂದಿನ ಹೆಚ್ಚಿನ ಯಂತ್ರಗಳು ಎಲ್ಲೂ ಕೆಡದೆಯೇ ನಿರುಪಯುಕ್ತವೆಂಬ ಪಟ್ಟಿಗೆ ಸೇರಿವೆ. ಅವುಗಳ ಪರದೆ, ಕೀಲಿಮಣೆ, ಪ್ರೊಸೆಸರ್ ಎಲ್ಲವೂ ಸುಸ್ಥಿತಿಯಲ್ಲಿಯೇ ಇರುತ್ತವೆ.

ಇಂಥ ಯಂತ್ರಕ್ಕೆ ಲುಬುಂಟು ಅಥವಾ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂಥ, ವಿಂಡೋಸ್ ಬದಲು ಯಂತ್ರ ನಡೆಸುವ ಹಗುರ ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದ ಅಳವಡಿಸಲು ಸಾಮಾನ್ಯವಾಗಿ ಒಂದು ಗಂಟೆಯೂ ಬೇಕಾಗುವುದಿಲ್ಲ, ಪರವಾನಗಿ ಶುಲ್ಕವೂ ಇಲ್ಲ. ಪ್ರಬಂಧ ಬರೆಯಲು ಲಿಬ್ರೆಆಫೀಸ್, ಗಣಿತಕ್ಕೆ ಜಿಯೋಜೀಬ್ರಾ, ಅಂತರ್ಜಾಲವಿಲ್ಲದೆ ವಿಕಿಪೀಡಿಯ ಓದಲು ಕೀವಿಕ್ಸ್ ಇದರಲ್ಲಿ ನಡೆಯುತ್ತವೆ. ಯಂತ್ರ ನಿಧಾನವೆಂಬ ದೂರಿಗೆ ಅನೇಕ ಬಾರಿ ಪ್ರೊಸೆಸರ್‌ಗಿಂತ ಒಳಗೆ ತಿರುಗುವ ಹಾರ್ಡ್ ಡಿಸ್ಕೇ ಕಾರಣವಾಗಿದ್ದು, ಅದನ್ನು ತೆಗೆದು ತಿರುಗುವ ಭಾಗಗಳಿಲ್ಲದ ಸಂಗ್ರಹ ಸಾಧನವಾದ ಸಣ್ಣ ಎಸ್‌ಎಸ್‌ಡಿ ಹಾಕಿದರೆ ಅದೇ ಲ್ಯಾಪ್‌ಟಾಪ್ ಬೇರೆಯದೇ ಎಂಬಷ್ಟು ಚುರುಕಾಗುತ್ತದೆ. ಆದರೆ ಹಗುರ ತಂತ್ರಾಂಶ ಮಂತ್ರದಂಡವಲ್ಲ ಎಂಬುದನ್ನೂ ಹೇಳಬೇಕು. ಇಂದಿನ ನಿಜವಾದ ಭಾರ ಬ್ರೌಸರಿನದು. 2 ಜಿಬಿ ರ‍್ಯಾಮ್‌ನಲ್ಲಿ ನಾಲ್ಕು ಪುಟ ತೆರೆದರೆ ಯಾವ ವ್ಯವಸ್ಥೆಯೂ ಏದುಸಿರು ಬಿಡುತ್ತದೆ. ಆದ್ದರಿಂದ 64 ಬಿಟ್ ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇಲ್ಲದವನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಳ್ಳುವುದೇ ಮೇಲು.

ತೊಡಕು ತಂತ್ರಾಂಶದಲ್ಲಿಲ್ಲ, ಯಂತ್ರ ಕಚೇರಿ ಬಿಡುವ ರೀತಿಯಲ್ಲಿದೆ. ಕಳೆದ ವರ್ಷ ಕಚೇರಿಯೊಂದರಿಂದ ನಮ್ಮ ಶಾಲೆಗೆ ಬಂದ ಹನ್ನೆರಡು ಲ್ಯಾಪ್‌ಟಾಪ್‌ಗಳಲ್ಲಿ ಐದಕ್ಕೆ, ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಪಾಸ್‌ವರ್ಡ್ ಹಾಕಲಾಗಿತ್ತು. ಹಾಕಿದವರು ವರ್ಗವಾಗಿದ್ದರು, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕಚೇರಿಗಳಿಗೆಂದೇ ತಯಾರಾಗುವ ಅನೇಕ ಮಾದರಿಗಳಲ್ಲಿ ಈ ಪಾಸ್‌ವರ್ಡ್ ಒಳಗಿನ ಸಣ್ಣ ಬ್ಯಾಟರಿ ಕಿತ್ತರೂ ಅಳಿಯದಂತೆ ಪ್ರತ್ಯೇಕ ಚಿಪ್‌ನಲ್ಲಿ ಉಳಿಯುತ್ತದೆ. ಕಳ್ಳನನ್ನು ತಡೆಯಲು ಮಾಡಿದ ಬೀಗ ಕೊನೆಗೆ ತಡೆದದ್ದು ವಿದ್ಯಾರ್ಥಿಯನ್ನು. ಚಾರ್ಜರ್‌ಗಳು ಬೇರೊಂದು ಪೆಟ್ಟಿಗೆಯಲ್ಲಿ ಬೇರೆಲ್ಲಿಗೋ ಹೋಗಿದ್ದವು, ಬೀಗವಿಲ್ಲದ ಏಳು ಯಂತ್ರಗಳ ಹಾರ್ಡ್ ಡಿಸ್ಕ್‌ಗಳಿಗೆ ಮೊಳೆ ಹೊಡೆಯಲಾಗಿತ್ತು.

ಆ ಮೊಳೆಯ ಹಿಂದಿನ ಭಯ ನ್ಯಾಯವಾದದ್ದೇ. ನಾಗರಿಕರ ದಾಖಲೆ ಹೊರಬೀಳಬಾರದು. ಆದರೆ ತಿರುಗುವ ಡಿಸ್ಕ್‌ನಲ್ಲಿ ಎಲ್ಲ ಜಾಗದ ಮೇಲೂ ಒಮ್ಮೆ ಸೊನ್ನೆ ಬರೆದರೆ ಸಾಮಾನ್ಯ ಕಡತಗಳ ಮಟ್ಟಿಗೆ ಸಾಕೆಂದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 800-88 ಮಾರ್ಗಸೂಚಿಯ 2014ರ ಆವೃತ್ತಿಯೇ ಹೇಳಿತ್ತು. ಎಸ್‌ಎಸ್‌ಡಿಗೆ ಹೀಗೆ ಮೇಲೆ ಬರೆಯುವ ವಿಧಾನ ನೆಚ್ಚತಕ್ಕದ್ದಲ್ಲ. ಅದರೊಳಗೇ ಇರುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು. ಗೋಪ್ಯ ಕಡತಗಳಿದ್ದ ಡಿಸ್ಕ್‌ಗಳನ್ನು ಬೇಕಾದರೆ ನಾಶ ಮಾಡಲಿ, ಆದರೆ ಡಿಸ್ಕ್‌ನೊಂದಿಗೆ ಲ್ಯಾಪ್‌ಟಾಪನ್ನೇ ಮುಗಿಸುವುದೇಕೆ?

ಹೀಗಾಗಿ ನನ್ನ ಕೋರಿಕೆ ಇಷ್ಟು. ಯಾವ ಲ್ಯಾಪ್‌ಟಾಪನ್ನಾದರೂ ವಿಲೇವಾರಿ ಪಟ್ಟಿಗೆ ಸೇರಿಸುವ ಅಧಿಕಾರಿ ಅದರ ಬಯಾಸ್ ಪಾಸ್‌ವರ್ಡ್ ತೆಗೆದಿದೆ, ದತ್ತಾಂಶ ಅಳಿಸಿದೆ, ಚಾರ್ಜರ್ ಜೊತೆಗಿದೆ ಎಂದು ಸಹಿ ಹಾಕಿ ದೃಢೀಕರಿಸಬೇಕು. ಆಮೇಲೆ ಆ ಪಟ್ಟಿ ಹರಾಜಿಗೆ ಹೋಗುವ ಮುನ್ನ ಶಾಲೆಗಳ ಮುಂದೆ ಬರಬೇಕು. ಎಲ್ಲ ಶಾಲೆಗಳಿಗೂ ಒಂದೇ ವ್ಯವಸ್ಥೆಯನ್ನು ಆರಿಸಿದರೆ, ಒಬ್ಬ ಶಿಕ್ಷಕರು ಕಲಿತದ್ದು ಇನ್ನೊಂದು ಶಾಲೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಉಬ್ಬಿದ ಯಂತ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಮಕ್ಕಳಿಗೆ ಕೊಡಬಾರದು.

ನಮ್ಮ ಆ ಹನ್ನೆರಡರಲ್ಲಿ ಏಳು ಹೊಸ ಡಿಸ್ಕ್ ಮತ್ತು ಎರವಲು ಚಾರ್ಜರ್‌ಗಳೊಂದಿಗೆ ಈಗ ತರಗತಿಯಲ್ಲಿ ನಡೆಯುತ್ತಿವೆ. ಉಳಿದ ಐದು ಬೀರುವಿನಲ್ಲಿವೆ, ಪಾಸ್‌ವರ್ಡ್ ಗೊತ್ತಿರುವವರಿಗಾಗಿ ಕಾಯುತ್ತಿವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಂಪ್ಯೂಟರ್ ಶಿಕ್ಷಕ