ಅಜ್ಜನ ಫೋಟೋ, ವಾಯ್ಸ್ ನೋಟ್ ಶುಕ್ರವಾರದೊಳಗೆ ಕಳಿಸಿ
ಎಲ್ರಿಗೂ ನಮಸ್ಕಾರ. ಬರೋ ಭಾನುವಾರಕ್ಕೆ ಅಜ್ಜ ತೀರ್ಕೊಂಡು ಒಂದು ವರ್ಷ ಆಗತ್ತೆ, ಅವತ್ತು ಸಂಜೆ 6ಕ್ಕೆ ಎಲ್ರೂ ವಿಡಿಯೋ ಕಾಲಲ್ಲಿ ಸೇರೋಣ, ಅಜ್ಜಿನೂ ಇರ್ತಾರೆ.

ನಿಮ್ಮ ಹತ್ರ ಇರೋ ಅಜ್ಜನ ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ನೆ ಹಾಕಿದ್ರೆ ವಾಟ್ಸಾಪ್ ಸೈಜ್ ಇಳಿಸಿಬಿಡತ್ತೆ. ಆಲ್ಬಮ್‌ದಾದ್ರೆ ಫ್ಲಾಶ್ ಆಫ್ ಮಾಡಿ ಕಿಟಕಿ ಬೆಳಕಲ್ಲಿ ತೆಗೀರಿ, ಅಂಟ್ಕೊಂಡಿರೋದನ್ನ ಕೀಳಕ್ಕೆ ಹೋಗ್ಬೇಡಿ.

ನಂಗೆ ಫೋಟೋಗಿಂತ ಮುಖ್ಯ ಅನ್ಸೋದು ನಿಮ್ಮ ಮಾತು. ಅಜ್ಜಿಗೆ ಕಣ್ಣು ಮಂಜಾದ್ಮೇಲೆ ಅಜ್ಜ ದಿನಾ ಬೆಳಿಗ್ಗೆ ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳ್ತಿದ್ರಲ್ಲ, ನಮ್ಮ ಪೆನ್ಸಿಲ್‌ಗಳನ್ನೆಲ್ಲ ಬ್ಲೇಡಲ್ಲಿ ಚೂಪು ಮಾಡಿ ಸಾಲಾಗಿ ಇಡ್ತಿದ್ರಲ್ಲ, ಅಂಥದ್ದು ಏನಾದ್ರೂ ಒಂದು ನಿಮಿಷದ ವಾಯ್ಸ್ ನೋಟಲ್ಲಿ ಹೇಳಿ. ಅಜ್ಜಿ ಕೇಳಿಸ್ಕೊಳ್ಳೋಕೆ ಕಾಯ್ತಿದ್ದಾರೆ.

ಕಾಲ್‌ಗೆ ಯಾರ್ಯಾರು ಬರ್ತೀರಿ ಇಲ್ಲೇ ತಿಳಿಸಿ.