ಆರೈಕೆ ಎಂದರೆ ವೃದ್ಧಾಶ್ರಮವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ದೀರ್ಘಕಾಲದ ಆರೈಕೆ ಎಂದೊಡನೆ ನಮ್ಮ ಬಾಗಲಕೋಟೆ ಭಾಗದಲ್ಲಿ ವೃದ್ಧಾಶ್ರಮದ ಮಾತು, ಅದರ ಹಿಂದೆಯೇ ‘ಮಕ್ಕಳು ಕೈಬಿಟ್ಟರು’ ಎಂಬ ಮಾತು ಬರುತ್ತದೆ. ಪಾರ್ಶ್ವವಾಯು ಹೊಡೆದ ನಲವತ್ತರ ರೈತನಿಗೂ, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಹುಡುಗನಿಗೂ ವರ್ಷಗಟ್ಟಲೆ ಬೇಕಾಗುವುದು ಇದೇ ಆರೈಕೆ. ಅದು ಬಹುಪಾಲು ನಡೆಯುವುದು ಮನೆಯಲ್ಲೇ.

‘ಮನ್ಯಾಗ ಸೊಸಿ ಅದಾಳಲ್ಲ, ನೋಡ್ಕೋತಾಳ’ ಎಂದು ಉಳಿದವರು ಎದ್ದು ಹೋಗುತ್ತಾರೆ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸದಿದ್ದರೆ ಹುಣ್ಣು ಏಳುತ್ತದೆ. ರಾತ್ರಿಯೂ ಇದು ತಪ್ಪದು. ಒಬ್ಬಳೇ ಹೆಣ್ಣುಮಗಳು ಎಷ್ಟು ದಿನ ನಿದ್ದೆಗೆಡಬೇಕು? ಅಣ್ಣತಮ್ಮಂದಿರು ಪಾಳಿ ಹಾಕಿಕೊಳ್ಳಲಿ, ಗಂಡಸರೂ ಮೈ ಒರೆಸುವುದನ್ನು ಕಲಿಯಲಿ.

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. ಕೇಂದ್ರ ಸರ್ಕಾರ 2024ರಲ್ಲಿ 70 ದಾಟಿದವರಿಗೆಲ್ಲ ವಿಸ್ತರಿಸಿದ್ದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಯನ್ನು. ಮನೆಗೆ ಬರುವ ದಾದಿಗೆ, ಡೈಪರ್‌ಗೆ ಅದರಿಂದ ಹಣ ಬರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೆಯವರಿಗೆ ಆರೈಕೆಯ ತರಬೇತಿಯನ್ನಾದರೂ ಜಿಲ್ಲಾಡಳಿತ ಶುರು ಮಾಡಬೇಕು. ಹಿರಿಯರ ಉಚಿತ ಸಹಾಯವಾಣಿ 14567 ಅನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

– ಓದುಗರೊಬ್ಬರು, ಜಮಖಂಡಿ